ಖಾಲಿ ಕುರ್ಚಿಗೆ ಎಷ್ಟು ಅಂಕ?

೧೪ ಜುಲೈ

ಮಾನ್ಯ ಮುಖ್ಯೋಪಾಧ್ಯಾಯಿನಿಯವರ ಸನ್ನಿಧಿಗೆ,

ವಿಷಯ: ಕಥೋಲಿಕ ಶಾಲೆಯ ಮುಖ್ಯೋಪಾಧ್ಯಾಯಿನಿಯೊಬ್ಬರ ಕಾರ್ಯನಿರ್ವಹಣೆಯ ಮೌಲ್ಯಮಾಪನಕ್ಕೆ ಸಂಬಂಧಿಸಿದಂತೆ ಮಾಹಿತಿ ಕೋರಿ.

ವಿವರಗಳು ಈ ಕೆಳಗಿನಂತಿವೆ:

೧. ಬರೆಯುತ್ತಿರುವವನು: ವಕೀಲರ ಕಚೇರಿಯಲ್ಲಿ ಮೂವತ್ತಾರು ವರ್ಷ ಅರ್ಜಿಗಳನ್ನು ನಕಲು ಮಾಡಿ ನಿವೃತ್ತನಾದ ಗುಮಾಸ್ತ. ವಯಸ್ಸು ಎಪ್ಪತ್ತೊಂದು. ಕಣ್ಣು ಸರಿಯಿದೆ, ಕೈ ನಡುಗುವುದಿಲ್ಲ.

೨. ಯಾರಿಗೆ: ಸದರಿ ಗುಮಾಸ್ತನ ಒಬ್ಬಳೇ ಮಗಳಿಗೆ. ಹನ್ನೊಂದು ವರ್ಷಗಳಿಂದ ಕನ್ಯಾಸ್ತ್ರೀ, ನಾಲ್ಕು ವರ್ಷಗಳಿಂದ ಬೇರೊಂದು ಊರಿನ ಶಾಲೆಯ ಮುಖ್ಯೋಪಾಧ್ಯಾಯಿನಿ.

೩. ಇಬ್ಬರ ನಡುವಿನ ಪತ್ರವ್ಯವಹಾರ: ವರ್ಷಕ್ಕೊಂದು, ಹುಟ್ಟುಹಬ್ಬಕ್ಕೆ. ಅದನ್ನೂ ಬರೆಯುವುದು ಆಕೆಯ ತಾಯಿ. ಸಹಿ ಮಾತ್ರ ನನ್ನದು.

೪. ಮೌಲ್ಯಮಾಪನಕ್ಕೆ ಒಳಪಡುವವರು: ನಮ್ಮ ಚರ್ಚಿನ ಆವರಣದಲ್ಲಿರುವ ಶಾಲೆಯ ಮುಖ್ಯೋಪಾಧ್ಯಾಯಿನಿ. ಅವರೂ ಸಿಸ್ಟರೇ. ಮೊದಲ ಅವಧಿ ಈ ವರ್ಷಾಂತ್ಯಕ್ಕೆ ಮುಗಿಯುತ್ತದೆ.

೫. ಸಮಿತಿ: ನಮ್ಮ ಫಾದರ್ ಅಧ್ಯಕ್ಷರು, ನಿವೃತ್ತ ಬ್ಯಾಂಕ್ ಮ್ಯಾನೇಜರೊಬ್ಬರು ಸದಸ್ಯರು, ನಾನು ಸದಸ್ಯ ಹಾಗೂ ವರದಿಗಾರ.

ಮೇಲ್ಕಂಡ ವಿವರಗಳನ್ನು ಅವಗಾಹನೆಗೆ ತಂದುಕೊಂಡ ಬಳಿಕ ಈ ಮುಂದಿನದನ್ನು ಪರಿಶೀಲಿಸಬೇಕಾಗಿ ಕೋರುತ್ತೇನೆ.

ಕಳೆದ ಭಾನುವಾರ ಪೂಜೆ ಮುಗಿದ ಮೇಲೆ ಫಾದರ್ ನನ್ನನ್ನು ಪಕ್ಕಕ್ಕೆ ಕರೆದರು. "ದೊಡ್ಡ ಸಿಸ್ಟರ್‌ನ ಮುಂದುವರಿಸಬೇಕೋ ಬೇಡವೋ ಅಂತ ನಾವು ಹೇಳಬೇಕಂತೆ. ಬಿಷಪ್ಪರ ಕಚೇರಿಯಿಂದ ನಮೂನೆ ಬಂದಿದೆ. ನೀವೂ ಇರಿ," ಎಂದರು. ನಾನು ಮೇಷ್ಟರಲ್ಲವೆಂದು ವಿನಯಪೂರ್ವಕವಾಗಿ ನಿವೇದಿಸಿದೆ. "ನಿಮ್ಮ ಅಕ್ಷರ ದುಂಡಗಿದೆಯಲ್ಲ, ಸಾಕು," ಎಂದರು. ಇದು ಹೊಗಳಿಕೆಯೋ ಹೊರೆಯೋ ತಿಳಿಯದೆ ಒಪ್ಪಿಕೊಂಡೆ. ಬ್ಯಾಂಕಿನವರನ್ನು ಬೀದಿಯವರೆಲ್ಲ 'ಶೇಕಡಾ' ಎಂದೇ ಕರೆಯುತ್ತಾರೆ. ಬಿಸಿಲು ಜಾಸ್ತಿಯಾಯಿತೆಂದು ಯಾರಾದರೂ ಅಂದರೂ ಎಷ್ಟು ಪರ್ಸೆಂಟು ಎಂದು ಕೇಳುವವರು.

ನಮೂನೆಯಲ್ಲಿ ಆಧ್ಯಾತ್ಮಿಕ ನಾಯಕತ್ವ, ಪರೀಕ್ಷಾ ಫಲಿತಾಂಶ, ಶಿಕ್ಷಕರ ಮೇಲ್ವಿಚಾರಣೆ, ಪೋಷಕರೊಂದಿಗಿನ ಸಂಬಂಧ, ಕಚೇರಿಯ ಶಿಸ್ತು ಎಂಬ ಐದು ತಲೆಬರಹಗಳಿದ್ದು, ಪ್ರತಿಯೊಂದಕ್ಕೂ ಹತ್ತರಲ್ಲಿ ಅಂಕ ಹಾಕತಕ್ಕದ್ದು. ಅದನ್ನು ಊಟದ ಮೇಜಿನ ಮೇಲೆ ಹರಡಿ ಕೂತಿದ್ದಾಗ ತಮ್ಮ ತಾಯಿಯವರು, "ಹೆತ್ತ ಮಗಳೇ ಹೆಡ್ ಮಿಸ್. ಅವಳು ಬೆಳಿಗ್ಗೆಯಿಂದ ಏನ್ ಮಾಡ್ತಾಳೆ ಅಂತ ಒಂದು ದಿನ ಕೇಳ್ಲಿಲ್ಲ. ಊರಿನ ಹೆಡ್ ಮಿಸ್ಸಿಗೆ ಅಂಕ ಹಾಕ್ತಾರಂತೆ!" ಎಂದು ಗೋಡೆಗೆ ಹೇಳಿದರು. ಗೋಡೆ ಉತ್ತರಿಸದ ಕಾರಣ ಈ ಪತ್ರ.

ಮುಖ್ಯೋಪಾಧ್ಯಾಯಿನಿಯಾದವರು ಬೆಳಗಿನಿಂದ ಸಂಜೆಯವರೆಗೆ ಏನು ಮಾಡುತ್ತಾರೆ? ತಾವು ದಯಮಾಡಿ ತಿಳಿಸತಕ್ಕದ್ದು.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ನಕಲು ಗುಮಾಸ್ತ


೨೫ ಜುಲೈ

ಅಪ್ಪ,

ಲಕೋಟೆಯ ಮೇಲೆ ನಿಮ್ಮ ಕೈಬರಹ ನೋಡಿ ಅಮ್ಮನಿಗೇನಾಯಿತೋ ಎಂದು ಹೆದರಿ ನಿಂತಲ್ಲೇ ಒಡೆದೆ. ನಮ್ಮ ಕಚೇರಿಯ ಗುಮಾಸ್ತೆಯಂತೂ, "ಸಿಸ್ಟರ್, ಯಾವ ಕೋರ್ಟಿಂದ ಬಂದಿದೆ? ಶಾಲೆ ಮೇಲೆ ಕೇಸಾ?" ಎಂದು ಕೇಳಿದಳು. "ನಮ್ಮಪ್ಪನಿಂದ" ಎಂದೆ. ಅವಳಿಗೆ ಅದು ಇನ್ನೂ ಗಾಬರಿಯಾಯಿತು.

ನೀವು ನನ್ನನ್ನು 'ತಾವು' ಎಂದಿದ್ದೀರಿ. ದಿನವಿಡೀ ಕೇಳುವ ಮಾತೇ ಅದು. ಮನೆಯಿಂದಲೂ ಅದೇ ಬಂದರೆ ನಾನು 'ನೀನು' ಅನ್ನಿಸಿಕೊಳ್ಳಲು ಎಲ್ಲಿಗೆ ಹೋಗಲಿ?

ನಿಮ್ಮ ಪ್ರಶ್ನೆಗೆ ಉತ್ತರ. ಬೆಳಿಗ್ಗೆ ಪ್ರಾರ್ಥನೆ ಮುಗಿಸಿ ಗೇಟಿನ ಹತ್ತಿರ ನಿಲ್ಲುತ್ತೇನೆ. ತಡವಾಗಿ ಬಂದವರನ್ನು ಹಿಡಿಯಲೆಂದು ಎಲ್ಲರೂ ತಿಳಿದಿದ್ದಾರೆ. ನಾನು ನೋಡುವುದು ಯಾರ ಮುಖ ನಿನ್ನೆಯಂತಿಲ್ಲ ಎಂಬುದನ್ನು. ಆಮೇಲೆ ನಲ್ಲಿಯಲ್ಲಿ ನೀರು ಬರುತ್ತಿದೆಯೇ ನೋಡಬೇಕು. ಮೊನ್ನೆ ಒಬ್ಬ ತಂದೆ ಕೂಗಾಡಲು ಬಂದವರು, ಕೂಗಾಡುತ್ತಲೇ ಮುರಿದ ಬೆಂಚಿಗೆ ಮೊಳೆ ಹೊಡೆದು ಹೋದರು, ಅವರು ಬಡಗಿ. ಒಂದನೇ ತರಗತಿಯ ಮಗು ಮೆಟ್ಟಿಲ ಕೆಳಗೆ ಅಡಗಿ ಕೂತರೆ ನಾನೂ ಅಲ್ಲೇ ಕೂರುತ್ತೇನೆ, ಅದಕ್ಕೆ ಬೇಸರವಾಗುವವರೆಗೆ. ಶಿಕ್ಷಕಿಯೊಬ್ಬಳ ತಾಯಿ ಆಸ್ಪತ್ರೆಯಲ್ಲಿದ್ದರೆ ಅವಳ ಪಾಠ ನನ್ನದು. ಸಂಜೆ ನನ್ನ ಕುರ್ಚಿಗೆ ಬಂದು ಕೂತಾಗ ಅದು ತಣ್ಣಗಿರುತ್ತದೆ.

ಇದನ್ನು ಇಷ್ಟು ದಿನ ಯಾರೂ ಕೇಳಿರಲಿಲ್ಲ. ಬರೆಯುತ್ತಾ ಹೋದರೆ ನಿಲ್ಲಿಸಲಾಗುತ್ತಿಲ್ಲ. ಇಲ್ಲಿಗೆ ಸಾಕು.

ಆ ಸಿಸ್ಟರಿಗೆ ನ್ಯಾಯವಾಗಿ ಅಂಕ ಹಾಕಿ.

ನಿಮ್ಮ ಮಗಳು


೧೯ ಆಗಸ್ಟ್

ಮಗಳಿಗೆ,

ನಿನ್ನ ಆಕ್ಷೇಪಣೆಯನ್ನು ಮನ್ನಿಸಿ ಏಕವಚನದಲ್ಲಿ ಬರೆಯುತ್ತಿದ್ದೇನೆ.

ಸಮಿತಿಯ ತೀರ್ಮಾನದಂತೆ ಮೂರು ದಿನ ಸದರಿ ಮುಖ್ಯೋಪಾಧ್ಯಾಯಿನಿಯವರ ಕೊಠಡಿಯಲ್ಲಿ ಕೂತು ಬಂದೆ. ಬಾಗಿಲ ಮೇಲೊಂದು ಶಿಲುಬೆ. ಮೇಜಿನ ಮೇಲೆ ಕೈಗಂಟೆ, ಗಾಜಿನ ಗುಂಡು, ಚೂಪಾಗಿ ಹೆರೆದ ಪೆನ್ಸಿಲುಗಳು. ಬಂದವರಿಗೆ ಎರಡು ಕುರ್ಚಿ. ಒಂದರ ಕಾಲು ಗಿಡ್ಡ, ಕೆಳಗೆ ರಟ್ಟು ಮಡಿಸಿ ಇಟ್ಟಿದೆ. ನಾನು ಅದರಲ್ಲಿ ಕೂತಿದ್ದೆ. ಎದುರಿಗೆ ಅವರ ಕುರ್ಚಿ. ಎತ್ತರದ ಬೆನ್ನು, ಮೆತ್ತೆ ಅಂಗಡಿಯಿಂದ ತಂದಂತೆಯೇ ಉಬ್ಬಿಕೊಂಡಿದೆ. ಏಕೆಂದರೆ ಅದರಲ್ಲಿ ಯಾರೂ ಕೂರುವುದಿಲ್ಲ.

ಕೊಠಡಿಯನ್ನು ಗುಡಿಸಲು ಬಂದ ಆಯಾ, "ಇನ್ನೂ ಕೂತಿದ್ದೀರಾ ತಾತ? ಮಕ್ಕಳೆಲ್ಲ ಅವರಿಗೆ ಗಾಳಿ ಸಿಸ್ಟರ್ ಅಂತಾರೆ. ಗಾಳೀನ ಕೂತು ಹಿಡಿಯೋಕಾಗುತ್ತಾ?" ಎಂದಳು. ಮಧ್ಯೆ ಮಧ್ಯೆ ಪೋಷಕರು ಇಣುಕಿ, ಖಾಲಿ ಕುರ್ಚಿ ನೋಡಿ, ತಮ್ಮ ತಕರಾರುಗಳನ್ನು ನನಗೇ ಒಪ್ಪಿಸಿದರು. ಹಳೆಯ ಅಭ್ಯಾಸಬಲದಿಂದ ಎರಡಕ್ಕೆ ಅರ್ಜಿಯ ಕರಡನ್ನೂ ಸಿದ್ಧಪಡಿಸಿದೆ. ಸಿಸ್ಟರ್ ಒಂದೆರಡು ಸಲ ಬಂದು, "ಕೂತಿರಿ ಸರ್, ಈಗ ಬಂದೆ" ಎಂದು ಹೇಳಿ ಹೋದದ್ದಷ್ಟೇ. ಈಗ ಎಂಬುದು ಸಂಜೆಯ ಗಂಟೆಯವರೆಗೂ ಬರಲಿಲ್ಲ.

ಶೇಕಡಾರವರ ಅಭಿಪ್ರಾಯ ಮತ್ತೂ ಕಠಿಣ. ಈ ಸಿಸ್ಟರ್ ಬರುವ ಮುನ್ನ ಶಾಲೆಯ ಫಲಿತಾಂಶ ನೂರಕ್ಕೆ ನೂರು ಇದ್ದದ್ದು ಈಗ ತೊಂಬತ್ತೊಂದಕ್ಕೆ ಇಳಿದಿದೆ. "ಬ್ಯಾಂಕಲ್ಲಾಗಿದ್ರೆ ನನ್ನನ್ನ ಮನೆಗೆ ಕಳಿಸ್ತಿದ್ರು," ಎನ್ನುತ್ತಾರೆ.

ಆದ್ದರಿಂದ ಕಚೇರಿಯ ಶಿಸ್ತಿಗೆ ಹತ್ತರಲ್ಲಿ ಎರಡು, ಮೇಲ್ವಿಚಾರಣೆಗೆ ಮೂರು ಎಂದು ಪೆನ್ಸಿಲಿನಲ್ಲಿ ಬರೆದುಕೊಂಡಿದ್ದೇನೆ. ಶಾಯಿಯಲ್ಲಿ ಬರೆಯುವ ಮುನ್ನ ನಿನ್ನ ಅಭಿಪ್ರಾಯ ತಿಳಿಸುವುದು.

ಇಂತಿ,
ನಿನ್ನ ತಂದೆ

ತಾಜಾಕಲಂ: ಇದು ಅಮ್ಮ ಬರೀತಿರೋದು. ಪಟಾಕಿ, ಹೇಗಿದ್ದೀಯಾ? ಇವರು ನಿನ್ನ ಕಾಗದ ಬಂದ ದಿನ ಅದನ್ನ ಮೂರು ಸಲ ಓದಿ, ಕನ್ನಡಕ ಸರಿ ಇಲ್ಲ ಅಂತ ನನ್ನ ಮೇಲೆ ರೇಗಿದರು. ನೀನು ವಕೀಲೆ ಆಗ್ಲಿಲ್ಲ ಅನ್ನೋ ಸಿಟ್ಟು ಹನ್ನೊಂದು ವರ್ಷ ಆದ್ರೂ ಆರಿಲ್ಲ ಅಂತ ನೀನು ಅಂದ್ಕೊಂಡಿರ್ತೀಯ. ನೀನು ಸಿಸ್ಟರಾಗಿ ವ್ರತ ತಗೊಂಡ ದಿನ ಕೋಟು ಇಸ್ತ್ರಿ ಮಾಡಿಸಿ, ಹಾಕ್ಕೊಂಡು, ಕೊನೇ ಗಳಿಗೇಲಿ ಬಾಗಿಲಲ್ಲೇ ಕೂತ್ಬಿಟ್ಟ ಮನುಷ್ಯ ಇವರು. ಆ ಕೋಟು ಇವತ್ತಿಗೂ ಮಡಿಕೆ ಕೆಡದೆ ಹಾಗೇ ಇದೆ. ನಾನು ಹೇಳಿದ್ದು ಅಂತ ಗೊತ್ತಾಗೋದು ಬೇಡ. ಲಕೋಟೆ ಅಂಟಿಸೋದು ನಾನೇ.


೨೮ ಆಗಸ್ಟ್

ಅಪ್ಪ,

ಸಿಟ್ಟು ಬಂದಿದೆ. ಆರುವವರೆಗೆ ಕಾದು ಬರೆಯೋಣವೆಂದಿದ್ದೆ. ಆರಲಿಲ್ಲ, ಹಾಗೇ ಬರೆಯುತ್ತಿದ್ದೇನೆ.

ನೀವು ಅಂಕ ಹಾಕಿರುವುದು ಕುರ್ಚಿಗೆ. ಅಮ್ಮ ಒಳಗೆ ಒಲೆಯ ಮುಂದೆ ಬೇಯುತ್ತಿರುವಾಗ ನೀವು ಹಜಾರದಲ್ಲಿ ಕೂತು, 'ಸದರಿ ಗೃಹಿಣಿಯ ಕುರ್ಚಿ ಖಾಲಿಯಿರುತ್ತದೆ' ಎಂದು ಷರಾ ಬರೆದರೆ ಹೇಗೋ ಹಾಗಾಯಿತು. ಕುರ್ಚಿ ತಣ್ಣಗಿರುತ್ತದೆ ಎಂದು ನಾನು ಬರೆದಿರಲಿಲ್ಲವೇ? ಅದನ್ನು ಏನೆಂದು ಓದಿಕೊಂಡಿರಿ? ಮೆತ್ತೆ ಉಬ್ಬಿಕೊಂಡಿದ್ದರೆ, ಅಪ್ಪ, ಆ ಹೆಂಗಸು ಕೆಲಸ ಮಾಡುತ್ತಿದ್ದಾಳೆ ಎಂದರ್ಥ.

ಅವರ ಪರ ವಾದ ಮಾಡುತ್ತಿಲ್ಲ. ಅವರು ನಿಜಕ್ಕೂ ಕೆಟ್ಟವರಿರಬಹುದು, ಓಡಾಡುವವರೆಲ್ಲ ದುಡಿಯುವವರಲ್ಲ. ಆದರೆ ಅದು ಗೊತ್ತಾಗಬೇಕಾದರೆ ಅವರು ಇರುವ ಕಡೆ ನೀವು ಇರಬೇಕು. ಇನ್ನೊಮ್ಮೆ ಹೋಗಿ. ಆ ಗಿಡ್ಡ ಕಾಲಿನ ಕುರ್ಚಿಯಲ್ಲಿ ಮಾತ್ರ ಕೂರಬೇಡಿ.

ಅಮ್ಮ ಇನ್ನೂ ನನ್ನನ್ನು ಪಟಾಕಿ ಎನ್ನುತ್ತಾಳೆ. ನೀವಿಟ್ಟ ಹೆಸರು ಅದು. ನೀವೇ ಬಿಟ್ಟಿರಿ.

ನಿಮ್ಮ ಮಗಳು


೧೫ ಸೆಪ್ಟೆಂಬರ್

ಮಗಳಿಗೆ,

ನಿನ್ನ ಪತ್ರದ ಧಾಟಿಯನ್ನು ನೋಡಿದರೆ ವಕೀಲಿ ವೃತ್ತಿ ನಿನ್ನನ್ನು ಕಳೆದುಕೊಂಡದ್ದು ದಿಟ. ಪ್ರತಿವಾದಿಯು ಮತ್ತೆ ಶಾಲೆಗೆ ಹೋದನು.

ಈ ಸಲ ನಿಂತೆ. ಗೇಟಿನಲ್ಲಿ, ಮೆಟ್ಟಿಲಲ್ಲಿ, ಕಿಟಕಿಯ ಹೊರಗೆ. ಅವರ ಹಿಂದೆ ನಡೆಯಲು ಎಪ್ಪತ್ತೊಂದರ ಕಾಲುಗಳಿಗೆ ಸಾಧ್ಯವಿಲ್ಲ. ಅವರು ಹೋಗುವ ಕಡೆ ಮೊದಲೇ ಹೋಗಿ ಕಾಯುವುದನ್ನು ಆಯಾ ಹೇಳಿಕೊಟ್ಟಳು.

ಆರನೇ ತರಗತಿಯಲ್ಲಿ ಕಂಡದ್ದನ್ನು ವಿವರವಾಗಿ ಬರೆಯುತ್ತೇನೆ. ಗಣಿತದ ಮೇಷ್ಟ್ರು ಹೊಸಬ, ಇನ್ನೂ ಸರಿಯಾಗಿ ಮೀಸೆ ಬಂದಿಲ್ಲ. ಭಿನ್ನರಾಶಿ ಕೂಡಿಸುವುದನ್ನು ಹೇಳಿಕೊಡುತ್ತಿದ್ದ. ಸಿಸ್ಟರ್ ಕೊನೆಯ ಬೆಂಚಿನಲ್ಲಿ ಮೊಣಕಾಲು ಮಡಚಿಕೊಂಡು ಒಬ್ಬ ಹುಡುಗಿಯ ಪಕ್ಕ ಕೂತಿದ್ದರು. ಕೈಯಲ್ಲಿ ಎಲ್ಲರಂತೆಯೇ ಒಂದು ಬರೆಯುವ ಪುಸ್ತಕ. ಮೇಲ್ವಿಚಾರಣೆಯ ಟಿಪ್ಪಣಿ ಬರೆಯುತ್ತಿದ್ದಾರೆಂದುಕೊಂಡೆ. ಇಲ್ಲ, ಲೆಕ್ಕ ಮಾಡುತ್ತಿದ್ದರು! ಪಾಠ ಮುಗಿದಾಗ ಮಕ್ಕಳ ಸಾಲಿನಲ್ಲಿ ನಿಂತು ತಮ್ಮ ಪುಸ್ತಕವನ್ನೂ ತಿದ್ದಲು ಕೊಟ್ಟರು. ಅರ್ಧಕ್ಕೆ ಮೂರನೇ ಒಂದನ್ನು ಕೂಡಿಸಿ ಐದರಲ್ಲಿ ಎರಡು ಎಂದು ಬರೆದಿದ್ದರು. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು. ಮೇಷ್ಟ್ರು ಅಡ್ಡಗೆರೆ ಎಳೆದು, ಹಾಗೇ ಪೆನ್ನು ಹಿಡಿದು ನಿಂತ. ಬೋರ್ಡು ಒರೆಸಿ, ಕಾಗದದ ಪಟ್ಟಿಗಳನ್ನು ಮಡಚಿ ತೋರಿಸುತ್ತಾ ಮೊದಲಿನಿಂದ ಶುರುಮಾಡಿದ.

ಆಮೇಲೆ ಅವನನ್ನು ಮೆಟ್ಟಿಲಲ್ಲಿ ಹಿಡಿದು ಕೇಳಿದೆ. "ಮೊದಲ ಸಲ ಸಿಟ್ಟು ಬಂದಿತ್ತು ಸರ್. ಆಟ ಆಡಿಸ್ತಿದ್ದಾರೆ ಅಂದ್ಕೊಂಡೆ," ಎಂದ. "ಅವರು ತಮಗೆ ಗೊತ್ತಿರೋದನ್ನ ಬರೆಯಲ್ಲ. ಪಕ್ಕದಲ್ಲಿ ಕೂತ ಮಗುಗೆ ಎಷ್ಟು ಅರ್ಥ ಆಯ್ತೋ ಅಷ್ಟೇ ಬರೀತಾರೆ. ಆ ಮಗು ಪುಸ್ತಕ ಕೊಡೋಕೆ ಹೆದರುತ್ತೆ. ಅದರ ಬದಲು ಇವರು ಕೊಡ್ತಾರೆ."

"ನಿನ್ನ ಪಾಠ ಹೀಗಿತ್ತು, ಹಾಗಿತ್ತು ಅಂತ ಏನೂ ಹೇಳಲ್ವಾ?"

"ಇಲ್ಲ ಸರ್. ಪುಸ್ತಕ ವಾಪಸ್ ತಗೊಂಡು, 'ಥ್ಯಾಂಕ್ಯೂ ಸರ್' ಅಂತ ಬೆಂಚಿಗೆ ಹೋಗ್ತಾರೆ. ಬಯ್ದಿದ್ರೆ ಒಂದೇ ದಿನಕ್ಕೆ ಮರೀತಿದ್ದೆ."

ಮೂವತ್ತಾರು ವರ್ಷ ದೊಡ್ಡ ದೊಡ್ಡ ವಕೀಲರ ಕೈಕೆಳಗೆ ದುಡಿದವನು ನಾನು. ಮೇಲಿನವರು ಕೆಳಗಿನವರ ತಪ್ಪನ್ನು ತೋರಿಸುವ ಬಗೆಗಳಲ್ಲಿ ನಾನು ಕಾಣದ್ದಿಲ್ಲವೆಂದು ತಿಳಿದಿದ್ದೆ. ಇದನ್ನು ಕಂಡಿರಲಿಲ್ಲ. ಪೆನ್ಸಿಲಿನ ಅಂಕಗಳನ್ನು ಅಲ್ಲೇ ಮೆಟ್ಟಿಲ ಮೇಲೆ ನಿಂತು ಅಳಿಸಿಹಾಕಿದೆ.

ಆದರೆ ಗಂಡಾಂತರ ಬೇರೆಯಿದೆ. ಈ ವರ್ಷ ಹತ್ತನೆಯ ತರಗತಿಯಲ್ಲಿ ಹಿಂದುಳಿದ ಒಂಬತ್ತು ಮಕ್ಕಳಿದ್ದಾರೆ. ಹಿಂದೆ ಇಂಥವರ ಹೆಸರನ್ನು ಪರೀಕ್ಷೆಗೆ ಮುಂಚೆ ಶಾಲೆಯ ಪಟ್ಟಿಯಿಂದ ತೆಗೆದು, ಖಾಸಗಿಯಾಗಿ ಬರೆಯಿರಿ ಎಂದು ಕಳಿಸುತ್ತಿದ್ದರಂತೆ. ನೂರಕ್ಕೆ ನೂರರ ಗುಟ್ಟು ಇದೇ. ಈ ಸಿಸ್ಟರ್ ಬಂದ ಮೇಲೆ ಯಾರ ಹೆಸರನ್ನೂ ತೆಗೆದಿಲ್ಲ. ಶೇಕಡಾರವರು ಅವರನ್ನು ವರಾಂಡದಲ್ಲಿ ಅಡ್ಡಗಟ್ಟಿ, "ಆ ಒಂಬತ್ತು ಜನ ನಮ್ಮ ಹೆಸರಲ್ಲಿ ಪರೀಕ್ಷೆ ಬರೀದಿದ್ರೆ ಮತ್ತೆ ನೂರಕ್ಕೆ ನೂರು ಸಿಸ್ಟರ್," ಎಂದರು.

"ನೂರು ತಗೊಳ್ಳೋ ಮಕ್ಕಳು ನಾನಿಲ್ದಿದ್ರೂ ತಗೋತಾರೆ ಸರ್. ಈ ಒಂಬತ್ತು ಜನರೂ ಇಲ್ದಿದ್ರೆ ನನಗಿಲ್ಲಿ ಏನು ಕೆಲಸ?" ಎಂದು ಹೇಳಿ, ಗಾಳಿಯಂತೆಯೇ ಹೋದರು.

ನವೆಂಬರ್ ಕೊನೆಗೆ ಸಮಿತಿಯ ಸಭೆ. ಇವರನ್ನು ಮುಂದುವರಿಸದಿದ್ದರೆ ಹೊಸಬರು ಬಂದು ಆ ಹೆಸರುಗಳನ್ನು ಹೊಡೆದುಹಾಕುವುದು ಖಂಡಿತ. ಶೇಕಡಾರವರ ಮತ ಗೊತ್ತಿದ್ದದ್ದೇ. ಫಾದರ್, "ನಿಮ್ಮ ವರದಿ ನೋಡಿ ಹೇಳ್ತೀನಿ," ಎನ್ನುತ್ತಾರೆ. ಒಟ್ಟಿನಲ್ಲಿ ಎಲ್ಲವೂ ಈ ಮುದುಕನ ಕೈಬರಹದ ಮೇಲೆ ನಿಂತಂತಾಗಿದೆ.

ಇಂತಿ,
ನಿನ್ನ ತಂದೆ


೪ ಅಕ್ಟೋಬರ್

ಅಪ್ಪ,

ನಿಮ್ಮ ಸಿಸ್ಟರಿನ ವಿದ್ಯೆಯನ್ನು ನಾನೂ ಕದ್ದೆ. ಏಳನೇ ತರಗತಿಯ ವಿಜ್ಞಾನದ ಪಾಠದಲ್ಲಿ ಕೊನೆಯ ಬೆಂಚಿಗೆ ಹೋಗಿ ಕೂತೆ. ಪಕ್ಕದ ಹುಡುಗಿಗೆ ಅರ್ಥವಾದಷ್ಟೇ ಬರೆಯಬೇಕಲ್ಲ, ಅವಳ ಪುಸ್ತಕ ಇಣುಕಿದೆ. ಅವಳು ಕೈ ಅಡ್ಡ ಇಟ್ಟು, "ಸಿಸ್ಟರ್, ಕಾಪಿ ಹೊಡೀಬಾರದು ಅಂತ ನೀವೇ ಹೇಳಿದ್ದೀರ," ಎಂದಳು. ತರಗತಿಯೆಲ್ಲಾ ನಕ್ಕಿತು. ಬಹಳ ದಿನಗಳ ಮೇಲೆ ನಾನೂ.

ನಮ್ಮಲ್ಲೂ ಕಳೆದ ವಾರ ಸಮಿತಿ ಬಂದಿತ್ತು. ನನ್ನ ಅವಧಿಯೂ ಮುಗಿಯುತ್ತಿದೆ, ಹೇಳಿರಲಿಲ್ಲ. ಮೂವರೂ ಎರಡು ದಿನ ನನ್ನ ಕೊಠಡಿಯಲ್ಲಿ ಕೂತು, ಚಹಾ ಕುಡಿದು, ಕಡತ ನೋಡಿ, ಒಳ್ಳೆಯ ಅಂಕಗಳನ್ನೇ ಕೊಟ್ಟು ಹೋದರು. ಮುಂದುವರಿಸುತ್ತಾರಂತೆ. ಸಂತೋಷಪಡಬೇಕು. ಆದರೆ ಅವರು ಹೋದ ಮೇಲೆ ಗೇಟಿನ ಹತ್ತಿರ ನಿಂತಿದ್ದಾಗ, ಒಬ್ಬರಾದರೂ ಎದ್ದು ಈಚೆ ಬಂದು ನೋಡಬಹುದಿತ್ತು ಎಂದೆನಿಸಿತು.

ಅಷ್ಟೇ. ಬೇರೇನಿಲ್ಲ. ವರದಿ ಎಲ್ಲಿಗೆ ಬಂತು?

ನಿಮ್ಮ ಮಗಳು


೯ ನವೆಂಬರ್

ಮಗಳೇ,

ಉತ್ತರ ತಡವಾಯಿತು. ನಿನ್ನ ಪತ್ರಕ್ಕೆ ನಾಲ್ಕು ಸಲ ಉತ್ತರ ಬರೆದೆ. ನಾಲ್ಕೂ ವಿಷಯ, ಉಲ್ಲೇಖ, ಸಂಬೋಧನೆಗಳಿಂದ ಕೂಡಿ ಚೆನ್ನಾಗಿಯೇ ಇದ್ದವು. ಯಾವುದನ್ನೂ ಅಂಚೆಗೆ ಹಾಕಲಿಲ್ಲ. ಏಕೆಂಬುದು ನನಗೆ ಮೊನ್ನೆ ಗುರುವಾರದವರೆಗೂ ತಿಳಿದಿರಲಿಲ್ಲ.

ಗುರುವಾರ ನಾನು ಎಂದಿನಂತೆ ವರಾಂಡದಲ್ಲಿ ನಿಂತಿದ್ದೆ. ಸಿಸ್ಟರ್ ಎದುರಾಗಿ, "ಸರ್, ಎಂಟನೇ ತರಗತಿಯ ಭಾಷಾ ಟೀಚರಿಗೆ ಜ್ವರ. ಪತ್ರಲೇಖನದ ಪಾಠ ಇದೆ. ನೀವು ಹೇಗೂ ನಿಂತೇ ಇದ್ದೀರಿ, ಹಾಗೇ ಬೋರ್ಡಿನ ಹತ್ರ ನಿಂತ್ಕೊಳ್ಳಿ," ಎಂದರು. ಮೌಲ್ಯಮಾಪಕನನ್ನೇ ಕೆಲಸಕ್ಕೆ ಹಚ್ಚುವ ಮುಖ್ಯೋಪಾಧ್ಯಾಯಿನಿಯ ಬಗ್ಗೆ ನಮೂನೆಯಲ್ಲಿ ತಲೆಬರಹವಿಲ್ಲ.

ಹೋದೆ. ಅರ್ಜಿ ಬರೆಯುವುದನ್ನು ನನಗಿಂತ ಚೆನ್ನಾಗಿ ಯಾರು ಹೇಳಿಕೊಟ್ಟಾರು? ಎಡಗಡೆ ಇಷ್ಟು ಅಂಚು, ಇವರಿಂದ, ಇವರಿಗೆ, ವಿಷಯದ ಸಾಲಿನ ಕೆಳಗೆ ಗೆರೆ, 'ಘನತೆವೆತ್ತ' ಎಂಬ ಸಂಬೋಧನೆ, 'ಈ ಮೂಲಕ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ', ಕಡೆಯಲ್ಲಿ 'ಮೇಲ್ಕಂಡ ಕೋರಿಕೆಯನ್ನು ಮನ್ನಿಸಬೇಕಾಗಿ ಪ್ರಾರ್ಥನೆ', 'ತಮ್ಮ ವಿಧೇಯ'. ಬೋರ್ಡಿನ ಮೇಲೆ ಮುತ್ತು ಪೋಣಿಸಿದಂತೆ ಬರೆದೆ. ಒಬ್ಬಳು ಕೈಯೆತ್ತಿ, "ತಾತ, ಘನತೆವೆತ್ತ ಅಂದ್ರೆ ತುಂಬಾ ದಪ್ಪ ಇರೋರಾ?" ಎಂದು ಕೇಳಿದಳು. ಕೆಲವರು ಹಾಗೂ ಇರುತ್ತಾರೆಂದು ಉತ್ತರಿಸಿದೆ. ತರಗತಿ ನನ್ನ ಕೈಗೆ ಬಂತು. ಸಿಸ್ಟರ್ ಯಾವಾಗ ಬಂದು ಕೊನೆಯ ಬೆಂಚಿನಲ್ಲಿ ಕೂತರೋ ನಾನು ನೋಡಲಿಲ್ಲ.

ಪುಸ್ತಕಗಳು ಬಂದವು, ಅವರದೂ ಬಂತು. ಕೆಂಪು ಪೆನ್ನು ಹಿಡಿದೆ. ಅಂಚು ಸರಿ. ಗೆರೆ ಸರಿ. ಸಂಬೋಧನೆ ಸರಿ. 'ಈ ಮೂಲಕ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ' ಎಂದಿತ್ತು. ಅದರ ಕೆಳಗೆ ನಾಲ್ಕು ಸಾಲು ಖಾಲಿ. ಆಮೇಲೆ 'ಮೇಲ್ಕಂಡ ಕೋರಿಕೆಯನ್ನು ಮನ್ನಿಸಬೇಕಾಗಿ ಪ್ರಾರ್ಥನೆ' ಎಂದು ದುಂಡಗೆ ಬರೆದು ಸಹಿ.

"ಏನು ಬೇಕು ಅಂತಲೇ ಬರೆದಿಲ್ವಲ್ಲ ಸಿಸ್ಟರ್," ಎಂದೆ.

"ಅದನ್ನ ನೀವು ಹೇಳಿಕೊಡ್ಲಿಲ್ಲ ಸರ್," ಎಂದರು, ಎಂಟನೇ ತರಗತಿಯವಳಂತೆಯೇ ಎದ್ದು ನಿಂತು. "ಪಕ್ಕದವಳು ನನ್ನ ಕೇಳಿದಳು, ಬೇಕಾದ್ದನ್ನ ಎಲ್ಲಿ ಬರೀಬೇಕು ಅಂತ. ನನಗೂ ಗೊತ್ತಾಗ್ಲಿಲ್ಲ."

ಉಳಿದ ಪುಸ್ತಕಗಳನ್ನು ತಿರುವಿ ನೋಡಿದೆ. ಅರ್ಧಕ್ಕರ್ಧ ಹಾಗೇ ಇದ್ದವು. ಎಲ್ಲರೂ ನನ್ನ ಪಾಠವನ್ನು ಚಾಚೂ ತಪ್ಪದೆ ಪಾಲಿಸಿದ್ದರು. ಮೂವತ್ತಾರು ವರ್ಷ ಅರ್ಜಿ ಬರೆದರೂ ಆ ನಾಲ್ಕು ಸಾಲನ್ನು ತುಂಬುತ್ತಿದ್ದದ್ದು ಕಕ್ಷಿಗಾರರು, ತಿದ್ದುತ್ತಿದ್ದದ್ದು ವಕೀಲರು. ನಾನು ಅದರ ಮೇಲಿನದನ್ನೂ ಕೆಳಗಿನದನ್ನೂ ಬಲ್ಲವನು.

ಬೋರ್ಡು ಒರೆಸಿದೆ. "ಮೊದಲು ನಿಮಗೆ ಏನು ಬೇಕು ಅಂತ ಒಂದೇ ಸಾಲಲ್ಲಿ ಬರೀರಿ. ಮಿಕ್ಕಿದ್ದೆಲ್ಲ ಆಮೇಲೆ," ಎಂದೆ. ಕಿಟಕಿ ತೆರೆಯಲು ಬರುವಂತೆ ಮಾಡಿಕೊಡಿ ಎಂದು ಒಬ್ಬಳು ಬರೆದಳು. ತಂಗಿಯ ಪಕ್ಕ ಕೂರಲು ಬಿಡಿ ಎಂದು ಇನ್ನೊಬ್ಬಳು. ಘನತೆವೆತ್ತ ಎಂಬುದು ಯಾರ ಅರ್ಜಿಯಲ್ಲೂ ಇರಲಿಲ್ಲ. ಸಿಸ್ಟರ್ ನನ್ನಿಂದ ಪುಸ್ತಕ ತೆಗೆದುಕೊಂಡು, "ಥ್ಯಾಂಕ್ಯೂ ಸರ್," ಎಂದು ಹೊರಟುಹೋದರು.

ಮನೆಗೆ ಬಂದು ನಿನ್ನ ಅಮ್ಮನಿಗೆ ಹೇಳಿದೆ. ಅವಳು ಕೆಮ್ಮು ಬರುವವರೆಗೆ ನಕ್ಕು, "ನಲವತ್ತು ವರ್ಷ ಸಂಸಾರ ಮಾಡಿ ನನಗೆ ಪತ್ತೆಯಾಗದ ನಿಮ್ಮ ರೋಗ, ಒಂದೇ ಪಾಠದಲ್ಲಿ ಆ ಸಿಸ್ಟರಿಗೆ ಪತ್ತೆಯಾಯ್ತಲ್ಲ!" ಎಂದಳು.

ಇಂತಿ,
ಅಪ್ಪ


೨ ಡಿಸೆಂಬರ್

ಮಗಳೇ ಪಟಾಕಿ,

ಮೊದಲು ತೀರ್ಪು. ನಮ್ಮ ಸಿಸ್ಟರನ್ನು ಮುಂದುವರಿಸಲಾಗಿದೆ. ಒಂಬತ್ತು ಹೆಸರುಗಳೂ ಪಟ್ಟಿಯಲ್ಲಿ ಉಳಿದಿವೆ. ಅವರಲ್ಲಿ ಕೆಲವರು ನಪಾಸಾಗಬಹುದು. ಆದರೆ ಶಾಲೆಯ ಹೆಸರಲ್ಲೇ, ಶಾಲೆಯ ಮಕ್ಕಳಾಗಿಯೇ ನಪಾಸಾಗುತ್ತಾರೆ.

ಸಭೆಗೆ ಎರಡು ದಿನ ಮುಂಚೆ ಶೇಕಡಾರವರನ್ನು ಹತ್ತನೇ ತರಗತಿಯ ಗಣಿತದ ಪಾಠಕ್ಕೆ ಎಳೆದುಕೊಂಡು ಹೋಗಿ, ಕೊನೆಯ ಬೆಂಚಿನಲ್ಲಿ ಆ ಒಂಬತ್ತರಲ್ಲಿ 'ಉದ್ದ' ಎಂದು ಕರೆಸಿಕೊಳ್ಳುವ ಹುಡುಗನ ಪಕ್ಕ ಕೂರಿಸಿದೆ. ಅಂದಿನ ಪಾಠ, ದೇವರ ದಯೆ, ಶೇಕಡಾವಾರು ಲೆಕ್ಕ. ಉದ್ದ ಏನು ಬರೆಯುತ್ತಾನೋ ಅದನ್ನೇ ಬರೆಯಬೇಕೆಂದು ಹೇಳಿದ್ದೆ. ಅವರು ಐದು ನಿಮಿಷ ತಡೆದುಕೊಂಡರು. "ಅಯ್ಯೋ, ಹತ್ತು ಪರ್ಸೆಂಟು ಅಂದ್ರೆ ನೂರನ್ನ ಯಾಕೋ ಮೇಲೆ ಹಾಕ್ತೀಯಾ? ಯಾರು ಹೇಳ್ಕೊಟ್ರೋ ನಿನಗೆ?" ಎಂದು ಎದ್ದೇ ಬಿಟ್ಟರು. "ಯಾರೂ ಹೇಳ್ಕೊಟ್ಟಿಲ್ಲ ಸರ್," ಎಂದ ಉದ್ದ. ಈಗ ಸಂಜೆ ಹೊತ್ತು ಒಂಬತ್ತೂ ಜನ ಇವರ ಮನೆಯ ಜಗಲಿಯಲ್ಲಿರುತ್ತಾರೆ. ಹಾಗೆಂದು ಇವರು ಮನಸ್ಸು ಬದಲಿಸಿದರೆಂದು ತಿಳಿಯಬೇಡ. ಫಲಿತಾಂಶಕ್ಕೆ ಹತ್ತರಲ್ಲಿ ಆರೇ ಕೊಟ್ಟರು. "ಪ್ರೀತಿ ಬೇರೆ, ಪರ್ಸೆಂಟು ಬೇರೆ," ಎಂದರು. ಮುಂದುವರಿಸಲು ಮಾತ್ರ ಕೈಯೆತ್ತಿದರು.

ಕಚೇರಿಯ ಶಿಸ್ತಿನ ಮುಂದೆ ಅಂಕ ಹಾಕದೆ, 'ಕುರ್ಚಿ ಖಾಲಿಯಿರುತ್ತದೆ, ಹಾಗೆಯೇ ಇರಲಿ' ಎಂದು ಬರೆದೆ. ವರದಿಯನ್ನು ಈ ಸಲ ಹಿಂದುಮುಂದಾಗಿ ಬರೆದೆ. ಮೊದಲ ಸಾಲಿನಲ್ಲೇ, 'ಇವರು ನಮಗೆ ಬೇಕು' ಎಂದಿತ್ತು. ಫಾದರ್ ಓದಿ, ಕನ್ನಡಕ ತೆಗೆದು, "ಇದು ನಿಮ್ಮ ಅಕ್ಷರವೇ, ಆದ್ರೆ ನಿಮ್ಮ ಬರವಣಿಗೆ ಅಲ್ಲವಲ್ಲ!" ಎಂದರು. ಸಹಿ ಹಾಕಿದರು.

ಸಿಸ್ಟರಿಗೆ ವಿಷಯ ತಿಳಿಸಲು ಹೋದಾಗ ಅವರು ಎಂಟನೇ ತರಗತಿಯ ಕಿಟಕಿಗೆ ಎಣ್ಣೆ ಬಿಡುತ್ತಿದ್ದರು. "ಓ, ಆಯ್ತಾ? ಸ್ವಲ್ಪ ಈ ಕಡೆ ಹಿಡ್ಕೊಳ್ಳಿ ಸರ್," ಎಂದರು. ಹಿಡಿದುಕೊಂಡೆ. ಕಿಟಕಿ ತೆರೆಯಿತು.

ಇಷ್ಟು ಪೀಠಿಕೆ. ಈಗ ಮೊದಲು ಬರೆಯಬೇಕಾದ್ದನ್ನು ಕೊನೆಗಾದರೂ ಬರೆಯುತ್ತೇನೆ. ಅಭ್ಯಾಸ ಒಮ್ಮೆಲೇ ಹೋಗುವುದಿಲ್ಲ. ಪಾಠವಾಗಿ ಇನ್ನೂ ತಿಂಗಳಾಗಿಲ್ಲ.

ಈ ಮೂಲಕ ನಿನ್ನಲ್ಲಿ ವಿನಂತಿಸಿಕೊಳ್ಳುವುದೇನೆಂದರೆ:

ನಾನು ನಿನ್ನ ಶಾಲೆಯನ್ನು ನೋಡಬೇಕು. ನೀನು ಬೆಳಿಗ್ಗೆ ಗೇಟಿನಲ್ಲಿ ನಿಲ್ಲುವುದನ್ನು ನೋಡಬೇಕು. ನನ್ನನ್ನು ನಿನ್ನ ಕೊಠಡಿಯಲ್ಲಿ ಕೂರಿಸಬೇಡ. ನೀನು ಪಾಠ ಮಾಡುವ ತರಗತಿಯಲ್ಲಿ ಕೊನೆಯ ಬೆಂಚಿನ ಒಂದು ತುದಿ ಕೊಡು. ನಾನು ಬರುತ್ತಿರುವುದು ಅಂಕ ಹಾಕಲೆಂದಲ್ಲ.

ಕೋಟನ್ನು ಇಸ್ತ್ರಿಗೆ ಕೊಟ್ಟಿದ್ದೇನೆ. ಅದು ಮಡಿಕೆ ಕೆಡದೆ ಇದೆ, ಕೊಡುವ ಅಗತ್ಯವಿಲ್ಲವೆಂದು ನಿನ್ನ ಅಮ್ಮ ಅಂದಳು. ಆದರೂ ಕೊಟ್ಟೆ. ನಿನ್ನ ಉತ್ತರಕ್ಕೆ ಕಾಯಬೇಕೆಂದು ನಾನು ಹೇಳುತ್ತಿರುವಾಗಲೇ ಅವಳು ಅಟ್ಟದಿಂದ ಪೆಟ್ಟಿಗೆ ಇಳಿಸಿ ಧೂಳು ಹೊಡೆಯುತ್ತಿದ್ದಾಳೆ.

ನಿನ್ನ,
ಅಪ್ಪ

ಅಡಕ: ಗೆರೆ ಹಾಕಿದ ಬರೆಯುವ ಪುಸ್ತಕ, ಒಂದು. ರಟ್ಟಿನ ಮೇಲಿನ ಚೀಟಿಯಲ್ಲಿ ತುಂಬಿದ ವಿವರ: ಹೆಸರು, ಅಪ್ಪ. ತರಗತಿ, ನೀನು ಹೇಳಿದ್ದು. ತಿದ್ದಿ ಹಿಂದಿರುಗಿಸತಕ್ಕದ್ದು.